ಕೇಳದೆ ಉಳಿದ ಪ್ರಶ್ನೆ

ಮೂವತ್ತು ವರ್ಷಗಳ ಹಿಂದಿನ ಮಾತು. ದೂರದ ಊರಿನಲ್ಲಿದ್ದ ಗೆಳೆಯನೊಬ್ಬನಿಂದ ನನಗೊಂದು ಕಾಗದ ಬಂದಿತು. ಕ್ಷೇಮಸಮಾಚಾರ, ಮಳೆಯ ಸುದ್ದಿ, ಓದಲು ಒಯ್ದಿದ್ದ ನನ್ನ ಪುಸ್ತಕಗಳನ್ನು ಹಿಂದಿರುಗಿಸುವ ಮಾತು. ಕೊನೆಗೆ, “ಇನ್ನು ನನ್ನಿಂದ ಯಾರಿಗೂ ತೊಂದರೆಯಾಗದು” ಎಂಬ ಒಂದು ಸಾಲು. ಸೌಜನ್ಯದ ಮಾತೆಂದು ಓದಿ ಮಡಿಸಿಟ್ಟೆ. ವಾರ ಕಳೆಯುವುದರೊಳಗೆ ಅವನು ಪ್ರಾಣವನ್ನು ತಾನೇ ಕಳೆದುಕೊಂಡನೆಂಬ ಸುದ್ದಿ ಬಂದಿತು. ಎದುರಿಗೆ ಕುಳಿತು ಆ ಮಾತನ್ನು ಆಡಿದ್ದರೆ ಅವನ ದನಿಯಾದರೂ ನನ್ನನ್ನು ಎಚ್ಚರಿಸುತ್ತಿತ್ತೇನೋ. ಅಕ್ಷರಕ್ಕೆ ದನಿಯಿಲ್ಲ, ನಿಟ್ಟುಸಿರೂ ಇಲ್ಲ.

ಈ ಹಳೆಯ ನೋವನ್ನು ಈಗ ತೆಗೆಯಲು ಕಾರಣವಿದೆ. 1953ರಲ್ಲಿ ಲಂಡನ್ನಿನ ಪಾದ್ರಿ ಚಾಡ್ ವಾರಾ ಅವರು ಬದುಕಿಗೆ ಬೇಸತ್ತವರಿಗಾಗಿ ಸಮಾರಿಟನ್ಸ್ ಸೇವೆಯನ್ನು ಆರಂಭಿಸಿದಾಗ ಟೆಲಿಫೋನಿಗೆ ಕಿವಿಗೊಟ್ಟು ಕೇಳುವುದೇ ಕೆಲಸವಾಗಿತ್ತು. 2013ರಲ್ಲಿ ಅಮೆರಿಕೆಯಲ್ಲಿ ಹುಟ್ಟಿದ ಕ್ರೈಸಿಸ್ ಟೆಕ್ಸ್ಟ್ ಲೈನ್ ಸಂಸ್ಥೆಯಲ್ಲಾದರೋ ನೊಂದವರು ಮೊಬೈಲಿನಲ್ಲಿ ಬರೆಯುತ್ತಾರೆ, ತರಬೇತಿ ಪಡೆದ ಸ್ವಯಂಸೇವಕರು ಬರೆದೇ ಉತ್ತರಿಸುತ್ತಾರೆ. ಇದನ್ನು ಹಳಿಯಲಾರೆ. ಗೋಡೆಯಾಚೆ ಮನೆಮಂದಿಯಿರುವಾಗ ಬಾಯಿ ಹೇಳಲಾರದ್ದನ್ನು ಬೆರಳು ಹೇಳೀತು.

ಆದರೆ ಬರೆದವರ ಅಪಾಯವನ್ನು ಅಳೆಯುವುದು ಹೇಗೆ? ಅಲ್ಲಿ ಯಂತ್ರವೇ ಸಂದೇಶಗಳನ್ನು ಮೊದಲು ಓದಿ, ಹೆಚ್ಚು ಅಪಾಯದಲ್ಲಿರುವಂತೆ ಕಂಡವರನ್ನು ಸರದಿಯ ಮುಂದಕ್ಕೆ ತರುತ್ತದೆ. ಸರದಿಯನ್ನು ಹೊಂದಿಸುವಷ್ಟಕ್ಕೆ ಇದು ಉಪಯುಕ್ತವೇ. ಅದಕ್ಕಿಂತ ಹೆಚ್ಚಿನದನ್ನು ನಂಬುವುದು ಹೇಗೆ? “ಬಿಸಿಲಿಗೆ ಸತ್ತೇಹೋದೆ” ಎಂದು ನಗುವ ನಾವು, ನಿಜವಾಗಿ ಸೋತಾಗ “ಸಾಕಾಗಿದೆ” ಎಂದಷ್ಟೇ ಹೇಳಿ ಸುಮ್ಮನಾಗುತ್ತೇವೆ. ಪದಗಳನ್ನು ಎಣಿಸಿದರೆ ಮೊದಲನೆಯದೇ ಭಯಂಕರ.

ತಜ್ಞರ ತಕ್ಕಡಿಯೂ ಅಷ್ಟೇನೂ ನಿಖರವಲ್ಲ. ಐವತ್ತು ವರ್ಷಗಳ 365 ಅಧ್ಯಯನಗಳನ್ನು 2017ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ, ಆತ್ಮಹತ್ಯೆಯನ್ನು ಮುಂಗಾಣುವ ನಮ್ಮ ಶಕ್ತಿ ಕುರುಡು ಊಹೆಗಿಂತ ಸ್ವಲ್ಪವೇ ಮೇಲೆಂದು ಕಂಡಿತು. 2022ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ, ತನ್ನನ್ನು ತಾನೇ ಗಾಯಗೊಳಿಸಿಕೊಂಡವರನ್ನು ಕಡಿಮೆ, ಮಧ್ಯಮ, ಹೆಚ್ಚು ಅಪಾಯದವರೆಂದು ವಿಂಗಡಿಸಿ, ಅದರಿಂದಲೇ ಚಿಕಿತ್ಸೆಯನ್ನು ನಿರ್ಧರಿಸಬಾರದೆಂದು ವೈದ್ಯರಿಗೆ ತಿಳಿಸಿತು.

ಹಾಗಾದರೆ ಉಳಿದ ದಾರಿ ಯಾವುದು? ಕೇಳುವುದು. ಪ್ರಾಣ ಬಿಡುವ ಯೋಚನೆಯಿದೆಯೆ? ಹೇಗೆಂದು ನಿಶ್ಚಯಿಸಿದ್ದೀರಾ? ಅದರ ಸಾಧನ ಕೈಗೆಟಕುವಂತಿದೆಯೆ? ಯಾವಾಗ? ಈ ಪ್ರಶ್ನೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕೇಳುವಂತೆ ಸ್ವಯಂಸೇವಕರಿಗೆ ಕಲಿಸುತ್ತಾರೆ. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗದೆ ಎಂದು ಹಲವರು ಹಿಂಜರಿಯುತ್ತಾರೆ. ಸಂಶೋಧನೆ ಈ ಭಯವನ್ನು ಎತ್ತಿಹಿಡಿದಿಲ್ಲ. ಕೇಳಿಸಿಕೊಂಡವರಲ್ಲಿ ಅನೇಕರಿಗೆ ಎದೆಯ ಭಾರ ಇಳಿಯುತ್ತದೆ.

ಆದರೆ ಕೇಳುವ ರೀತಿಯೊಂದುಂಟು. ಕಚೇರಿಯ ನಮೂನೆ ತುಂಬಿಸುವಂತೆ ಕೇಳಿದರೆ ನೊಂದ ಜೀವ ಉತ್ತರ ನಿಲ್ಲಿಸುತ್ತದೆ. ಉತ್ತರ ನಿಂತಾಗ ಆಚೆಯವರು ಅಳುತ್ತಿದ್ದಾರೆಯೆ, ಮಾತು ಹುಡುಕುತ್ತಿದ್ದಾರೆಯೆ, ಇಲ್ಲ ಎದ್ದುಹೋದರೆ? ತೆರೆಯ ಮೇಲೆ ಎಲ್ಲ ಮೌನವೂ ಒಂದೇ. “ಇನ್ನೂ ಇದ್ದೀರಾ? ನಾನು ಇಲ್ಲಿಯೇ ಇದ್ದೇನೆ” ಎಂದು ಮತ್ತೆ ಬರೆಯುವ ತಾಳ್ಮೆ ಮನುಷ್ಯನಿಗಿರಬೇಕು. ಅಪಾಯವನ್ನು ಅಳೆಯುವುದೆಂದರೆ ಭವಿಷ್ಯ ನುಡಿಯುವುದಲ್ಲ. ಈ ರಾತ್ರಿ ಕಳೆಯಲು ಇವರಿಗೆ ಏನು ಬೇಕೆಂದು ತಿಳಿಯುವುದು.

2022ರ ಅಕ್ಟೋಬರ್ 10ರಂದು ನಮ್ಮ ದೇಶದಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಆದರೆ ಇಂಥ ಸಾಲೊಂದು ಮೊದಲು ಬರುವುದು ಬಹುಶಃ ನಿಮ್ಮ ಮೊಬೈಲಿಗೇ. ಗೆಳೆಯನ ಕಾಗದ ಇಂದೂ ನನ್ನ ಬಳಿಯಿದೆ. ಕೇಳಿದ್ದರೆ ಅವನು ಉಳಿಯುತ್ತಿದ್ದನೆಂದು ಆಣೆಯಿಟ್ಟು ಹೇಳಲಾರೆ. ನಾನು ಕೇಳಲಿಲ್ಲವೆಂಬುದನ್ನು ಮಾತ್ರ ಬಲ್ಲೆ.