ಕಾಲುವೆ ನೀರಿನ ತವರಲ್ಲಿ ಎರಡು ರಾತ್ರಿ

ನನ್ನದು ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿ. ಎರೆ ಮಣ್ಣು, ಸೋನಾ ಮಸೂರಿ, ಕಾದ ಹಂಚಿನಂಥ ಬಿಸಿಲು. ವರ್ಷಕ್ಕೆ 600 ಮಿ.ಮೀ. ಮಳೆ ಬಿದ್ದರೆ ಮಳೆರಾಯ ಕೈಬಿಡಲಿಲ್ಲ ಎನ್ನುವ ಜನ ನಾವು. ಬೆಂಗಳೂರಲ್ಲಿರುವ ಮಗ ಹೋದ ಆಷಾಢದಲ್ಲಿ ಕುದುರೆಮುಖದ ಕಡೆ ಕಾಡಿನ ಲಾಡ್ಜೊಂದಕ್ಕೆ ಕರೆದೊಯ್ದ. ಮಳೆ ಅಂದರೆ ಏನೆಂದು ಅರವತ್ತೆರಡನೇ ವಯಸ್ಸಿಗೆ ತಿಳಿಯಿತು. ಎರಡು ದಿನ ನಿಲ್ಲಲೇ ಇಲ್ಲ. ಅಲ್ಲಿ ಒಗೆದ ಪಂಚೆ ಒಣಗಿದ್ದು ಊರಿಗೆ ಬಂದ ಮೇಲೆಯೇ. ಕಾಲಿಗೆ ಉಂಬಳ ಹತ್ತಿದಾಗ ಕಿತ್ತೆಸೆಯಲು ಹೋದೆ. ‘ಎಳೀಬೇಡಿ ಮಾರಾಯ್ರೆ’ ಎಂದು ಅಡುಗೆಯವರು ಸುಣ್ಣ ಮುಟ್ಟಿಸಿದರು, ತಾನೇ ಉದುರಿತು. ಸುಣ್ಣ ನನ್ನದೇ ಎಲೆಯಡಿಕೆ ಚೀಲದ್ದು.

ಎರಡನೇ ದಿನ ಅದೇ ಅಡುಗೆಯವರು ಹಿತ್ತಲ ಹಳ್ಳ ತೋರಿಸಿ, ‘ಇದು ಭದ್ರೆಗೆ ಹೋಗ್ತದೆ’ ಅಂದರು. ನಾನು ಸುಮ್ಮನೆ ನಿಂತೆ. ಅದೇ ಬೆಟ್ಟಸಾಲಿನ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ. ನೇತ್ರಾವತಿ ಪಡುವಣ ಕಡಲಿಗೆ ಇಳಿಯುತ್ತಾಳೆ. ಉಳಿದಿಬ್ಬರು ಮೂಡಣಕ್ಕೆ ತಿರುಗಿ, ಕೂಡ್ಲಿಯಲ್ಲಿ ಒಂದಾಗಿ, ಹೊಸಪೇಟೆ ಡ್ಯಾಮಿಗೆ ಬಂದು, ಕಾಲುವೆ ಹಿಡಿದು ನಮ್ಮ ಗದ್ದೆಗೆ ಬರುತ್ತಾರೆ. ನಲವತ್ತು ವರ್ಷ ಆ ನೀರಲ್ಲಿ ನಾಟಿ ಮಾಡಿಸಿದವನು ನಾನು. ಅದರ ತವರು ನೋಡಿದ್ದು ಅಂದೇ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಓಣಿಯಲ್ಲಿ ನೆಮ್ಮದಿಯಾಗಿ ಮಲಗಿದವರಿಲ್ಲ. ಗೇಟಿನ ಮಾತು, ಹೂಳಿನ ಮಾತು ಇಂದಿಗೂ ಚಹಾ ಅಂಗಡಿಯಲ್ಲಿ ಮುಗಿದಿಲ್ಲ. 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮು ಈಗ 105ರ ಆಸುಪಾಸಿಗೆ ಇಳಿದಿದೆ. ಆದರೆ ಕಾಡಿನ ಮಾತು ಯಾರೂ ಎತ್ತುವುದಿಲ್ಲ. ಕುದುರೆಮುಖದಲ್ಲಿ ಅದಿರು ಅಗೆಯುವುದು ನಿಂತದ್ದು 2005ರ ಕೊನೆಗೆ, ಅದೂ ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ಆ ಹೋರಾಟದಲ್ಲಿ ಕೆಳಗಿನ ನಾವು ಎಲ್ಲಿದ್ದೆವು? ಸಂಡೂರಿನ ಗುಡ್ಡಗಳು ಕಣ್ಣೆದುರೇ ಕರಗುವಾಗಲೂ ನೋಡುತ್ತ ಕುಳಿತವರು, ದೂರದ ಮಲೆನಾಡಿನ ಚಿಂತೆ ಮಾಡುತ್ತೇವೆಯೇ!

ಆ ಲಾಡ್ಜಿನಲ್ಲಿ ಒಂದು ರಾತ್ರಿಗೆ ತಲೆಗೆ ಎರಡು ಚೀಲ ಭತ್ತದ ದುಡ್ಡು. ಮಗ ಕೊಟ್ಟ, ನಾನಾದರೆ ಕೊಡುತ್ತಿರಲಿಲ್ಲ. ಪಕ್ಕದ ಕೋಣೆಯವರು ಇಂಟರ್ನೆಟ್ ಸಿಗದೆ ಚಡಪಡಿಸಿ ಮರುದಿನವೇ ಗಾಡಿ ಹತ್ತಿದರು. ದುಡ್ಡಿದ್ದವರು ಬರಲಿ, ಬೇಡವೆನ್ನೆ. ಆದರೆ ಆ ನೀರು ಉಣ್ಣುವವರಿಗೇ ಅಲ್ಲಿ ಜಾಗವಿಲ್ಲದಿರುವುದು ಸರಿಯಲ್ಲ.

ಸರ್ಕಾರಿ ಶಾಲೆ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ‘ಚಿಣ್ಣರ ವನ ದರ್ಶನ’ ಅರಣ್ಯ ಇಲಾಖೆಯಲ್ಲೇ ಇದೆ. ಸಿರುಗುಪ್ಪ, ಕುರುಗೋಡಿನ ಮಕ್ಕಳನ್ನು ಎರಡು ದಿನಕ್ಕಾದರೂ ಭದ್ರೆಯ ದಂಡೆಯ ಶಿಬಿರಗಳಿಗೆ ಕರೆದೊಯ್ಯಲಿ. ಪ್ರವಾಸಿಗರು ಕಡಿಮೆ ಇರುವ ಮಳೆಗಾಲದಲ್ಲೇ ಆಗಲಿ. ಸುಣ್ಣ ನಾನು ಕಳಿಸುತ್ತೇನೆ.