"ಪ್ರಾಜೆಕ್ಟ್ ಎಲ್ಲಿ ತಗೊಂಡ್ರಿ?"

ಕೊನೇ ವರ್ಷಕ್ಕೆ ಬಂದ ಕೂಡಲೇ ನಮ್ಮಲ್ಲಿ ಎಲ್ಲರೂ ಕೇಳೋ ಪ್ರಶ್ನೆ ಇದು. 'ಏನು ಮಾಡ್ತಿದ್ದೀರಿ' ಅಂತಲ್ಲ, 'ಎಲ್ಲಿ ತಗೊಂಡ್ರಿ' ಅಂತ! ದುಡ್ಡು ಕೊಟ್ಟರೆ ರಿಪೋರ್ಟ್ ಸಮೇತ ಸಿಗುತ್ತೆ. ವೈವಾಗೆ ಬಾಯಿಪಾಠ ಮಾಡಿದರಾಯ್ತು.

ಹೀಗೆ ಕೊಂಡು ತರೋಕಾಗದ ಪ್ರಾಜೆಕ್ಟ್ ಒಂದಿದೆ: ಸ್ಪರ್ಧೆಗೆ ಹೈಬ್ರಿಡ್ ಕಾರು ಕಟ್ಟೋದು. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್ ತಂಡ 2003ರಲ್ಲಿ ಶುರುವಾಗಿ, ಪೆಟ್ರೋಲ್ ಕಾರಿನಿಂದ ಹೈಬ್ರಿಡ್, ಎಲೆಕ್ಟ್ರಿಕ್‌ವರೆಗೂ ಬಂದಿದೆ. ಅಮೆರಿಕದ ಡಾರ್ಟ್‌ಮತ್ ಕಾಲೇಜು ಹುಟ್ಟುಹಾಕಿದ ಫಾರ್ಮುಲಾ ಹೈಬ್ರಿಡ್ ಸ್ಪರ್ಧೆಯ ನಿಯಮದಂತೆ ಪೆಟ್ರೋಲ್ ಎಂಜಿನ್ 250 ಸಿಸಿ ದಾಟುವಂತಿಲ್ಲ. ಅಂದರೆ ಬೈಕ್ ಎಂಜಿನ್ ಸಾಕು.

ಕಷ್ಟ ಇರೋದು ಎಂಜಿನ್ನು, ಮೋಟಾರು ಎರಡನ್ನೂ ಹೊಂದಿಸೋದರಲ್ಲಿ. ಇಳಿಜಾರಲ್ಲಿ ಬ್ರೇಕ್ ಹಿಡಿದಾಗ ಬರೀ ಬಿಸಿಯಾಗಿ ಹೋಗುವ ಶಕ್ತಿಯನ್ನು, ಮೋಟಾರೇ ಜನರೇಟರ್ ಆಗಿ ಬ್ಯಾಟರಿಗೆ ತುಂಬಬೇಕು. ಮೋಟಾರ್ ಎಷ್ಟು ತಡೆಯಬೇಕು, ಡಿಸ್ಕ್ ಎಷ್ಟು ತಡೆಯಬೇಕು ಅನ್ನೋ ಲೆಕ್ಕ ಮೆಕ್ಯಾನಿಕಲ್‌ನವರಿಂದಷ್ಟೇ ಆಗಲ್ಲ. ಎಲೆಕ್ಟ್ರಿಕಲ್‌ನವರೂ ಬೇಕು, ಕೋಡ್ ಬರೆಯೋ ಸಿಎಸ್‌ನವರೂ ಬೇಕು. ತಪಾಸಣೆಯಲ್ಲಿ ಪಾಸಾಗದೆ ಕಾರು ಟ್ರ್ಯಾಕಿಗೆ ಇಳಿಯೋ ಹಾಗಿಲ್ಲ. "ಯಾಕೆ ಹೀಗೆ ಮಾಡಿದಿರಿ?" ಅಂತ ತೀರ್ಪುಗಾರರು ಕೇಳಿದರೆ ಬಾಯಿಪಾಠ ನಡೆಯಲ್ಲ.

"ದುಡ್ಡೆಲ್ಲಿದೆ ಗುರು?" ಅಂತೀರಿ. ನಿಜ, ದುರ್ಗದಲ್ಲಿ ಸ್ಪಾನ್ಸರ್ ಹುಡುಕೋದು ಸುಲಭವಲ್ಲ. ಆದರೆ ರೆಡಿಮೇಡ್ ಪ್ರಾಜೆಕ್ಟಿಗೆ ಸುರಿಯೋ ದುಡ್ಡನ್ನೇ ಹತ್ತು ಬ್ಯಾಚಿನವರು ಒಟ್ಟುಗೂಡಿಸಿದರೆ? ಈ ವರ್ಷ ಚಾಸಿ, ಮುಂದಿನ ವರ್ಷ ಎಂಜಿನ್, ಆಮೇಲೆ ಮೋಟಾರ್. ಜೂನಿಯರ್‌ಗಳಿಗೆ ಹಳೇ ರಿಪೋರ್ಟ್ ಬದಲು ಅರ್ಧ ಕಟ್ಟಿದ ಕಾರು ಬಿಟ್ಟುಹೋಗೋಣ. ವೆಲ್ಡಿಂಗ್ ಹೇಳಿಕೊಡೋಕೆ ಹೈವೇ ಪಕ್ಕದ ಗ್ಯಾರೇಜಿನ ಅಣ್ಣಂದಿರನ್ನು ಕೇಳೋಣ.

ಮೊದಲ ಕಾರು ಓಡದೇ ಇರಬಹುದು. ಆದರೆ ಯಾಕೆ ಓಡಲಿಲ್ಲ ಅಂತ ನಮಗೆ ಗೊತ್ತಿರುತ್ತೆ. ಕೊಂಡು ತಂದ ಪ್ರಾಜೆಕ್ಟ್ ಯಾಕೆ ಓಡ್ತಿದೆ ಅನ್ನೋದೇ ಇವತ್ತು ನಮಗೆ ಗೊತ್ತಿಲ್ಲ.