ಪಂಪನ ದುಂಬಿಯೂ ನಮ್ಮ ಸಜ್ಜದ ಹೆಜ್ಜೇನೂ

ನವೆಂಬರ್ ಬಂತೆಂದರೆ ಠಾಣೆಯಿಂದ ಕಲ್ಯಾಣದವರೆಗೂ, ಅತ್ತ ನವಿ ಮುಂಬಯಿಯಲ್ಲೂ ನಮ್ಮ ವೇದಿಕೆಗಳ ಮೇಲೆ ಪಂಪನ ಬನವಾಸಿಯ ಹಂಬಲ ತಪ್ಪದೆ ಮೊಳಗುತ್ತದೆ. ಕ್ರಿ.ಶ. 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ಆ ಮಹಾಕವಿ, ಮನುಷ್ಯನಾಗಿ ಹುಟ್ಟಲಾಗದಿದ್ದರೆ ಬನವಾಸಿಯ ನಂದನದಲ್ಲಿ ಎಳೆಯ ದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕೆನ್ನುತ್ತಾನೆ. ಆತನ ಆಶ್ರಯದಾತನಾದ ಅರಿಕೇಸರಿಯ ವೇಮುಲವಾಡ ಇಂದಿನ ತೆಲಂಗಾಣದಲ್ಲಿದೆ. ದೂರದಲ್ಲಿದ್ದು ಹಂಬಲಿಸುವ ನಮಗೆ ಆ ಪದ್ಯ ಆಪ್ತವಾದದ್ದು ಸಹಜವೇ.

ಎರಡು ವರ್ಷಗಳ ಹಿಂದೆ, ನಾವಿರುವ ಡೊಂಬಿವಲಿಯ ಕಟ್ಟಡದ ಐದನೆಯ ಮಹಡಿಯ ಸಜ್ಜದಡಿ ಹೆಜ್ಜೇನು ಕಟ್ಟಿತು. ವಿಷ ಸಿಂಪಡಿಸುವವರನ್ನು ಕರೆಸಲು ಸೊಸೈಟಿಯ ಸಭೆ ನಿರ್ಣಯಿಸಿತು. ಆ ಕಾಗದಕ್ಕೆ ನಾನೂ ಸಹಿ ಮಾಡಿದೆ. ಮರುದಿನ ಬೆಳಿಗ್ಗೆ ಸತ್ತ ಹುಳುಗಳನ್ನು ಅಂಗಳದಲ್ಲಿ ಗುಡಿಸಿ ರಾಶಿ ಹಾಕಿದ್ದರು. ರಾಜ್ಯೋತ್ಸವದಲ್ಲಿ ಪಂಪನ ಪದ್ಯ ಹಾಡಿದ್ದ ಮಗಳು, “ಅಪ್ಪಾ, ಆ ದುಂಬಿ ಇದೇನಾ?” ಎಂದಳು. “ಅಲ್ಲಮ್ಮ, ಇದು ಹೆಜ್ಜೇನು” ಎಂದೆ. ಉತ್ತರವೇನೋ ಸರಿ, ಆದರೂ ನಾಚಿಕೆಯಾಯಿತು.

ನಾವು ದುಂಬಿಯೆನ್ನುವ ದೊಡ್ಡ ಕಪ್ಪು ಹುಳು ಒಣಮರವನ್ನೋ ಬಿದಿರನ್ನೋ ಕೊರೆದು ಬಾಳುವಂಥದು. ಕವಿಗಳು ಮೆಚ್ಚಿದ ಅದರ ಝೇಂಕಾರ ಬರಿಯ ಹಾಡಲ್ಲ, ದುಡಿಮೆ. ಬದನೆ, ಟೊಮೇಟೊ ಹೂಗಳನ್ನು ಹಿಡಿದು ಅದು ಮೈ ನಡುಗಿಸಿದಾಗ ಒಳಗೆ ಅಡಗಿದ ಪರಾಗ ಉದುರುತ್ತದೆ. ಈ ವಿದ್ಯೆ ಜೇನಿಗೆ ತಿಳಿಯದು. ನಮ್ಮ ಹಳ್ಳಿಗರಾದರೋ ಹೆಜ್ಜೇನು, ತುಡುವೆ, ಕೋಲುಜೇನು, ಮಿಸರಿ ಎಂದು ಜೇನುಗಳನ್ನೂ ಬೇರೆಬೇರೆಯಾಗಿ ಗುರುತಿಸಿ ಹೆಸರಿಟ್ಟವರು. ಪದ್ಯವನ್ನು ಕಲಿಸುವ ನಾವು ಈ ಹೆಸರುಗಳನ್ನು ಮಕ್ಕಳಿಗೆ ದಾಟಿಸಿಲ್ಲ.

ಹೆಜ್ಜೇನು ನಮ್ಮಂತೆಯೇ ವಲಸೆಯ ಜೀವ. ಹೂವಿನ ಕಾಲ ಮುಗಿದೊಡನೆ ಹಲ್ಲೆಯನ್ನು ತೊರೆದು ಹೋಗುತ್ತದೆ. ಮುಂದಿನ ಋತುವಿನಲ್ಲಿ ಎಷ್ಟೋ ಕುಟುಂಬಗಳು ಅದೇ ಮರಕ್ಕೆ, ಅದೇ ಕಟ್ಟಡಕ್ಕೆ ಮರಳುತ್ತವೆ. ಹೋದ ಕೆಲಸಗಾರ ಹುಳುಗಳಲ್ಲಿ ಹೆಚ್ಚಿನವು ಆ ಹೊತ್ತಿಗೆ ಬದುಕಿರುವುದಿಲ್ಲ. ಆದರೂ ಕುಟುಂಬ ಹಳೆಯ ಠಾವನ್ನು ಮರೆಯುವುದಿಲ್ಲ. ಅವುಗಳಿಗೆ ಇಲ್ಲಿ ಹೂವಿಲ್ಲವೆನ್ನುವಂತಿಲ್ಲ. ಖಾಡಿಯಂಚಿನ ಕಾಂಡ್ಲಾ ಕಾಡಿದೆ. ಎಂಟು ವರ್ಷಕ್ಕೊಮ್ಮೆ ಅರಳುವ ಕಾರ್ವಿ 2016ರಲ್ಲೂ 2024ರಲ್ಲೂ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳಲ್ಲಿ ಹೂಬಿಟ್ಟಿತು.

ಜನರ ಭಯವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಕೆರಳಿದ ಹೆಜ್ಜೇನು ಪ್ರಾಣಕ್ಕೇ ಎರವಾಗಬಲ್ಲದು. ಆದರೆ ಗೂಡು ಕೈಗೆಟುಕದಷ್ಟು ದೂರವಿದ್ದರೆ ಕಿಟಕಿಗೆ ಜಾಲರಿ ಹಾಕಿ, ರಾತ್ರಿ ಆ ಬದಿಯ ದೀಪ ಆರಿಸಿ, ಹೊಗೆ ಹಾಕದೆ, ಕಲ್ಲೆಸೆಯದೆ ಕೆಲವು ತಿಂಗಳು ತಾಳಬಹುದು. ಅಪಾಯ ಹತ್ತಿರವಿದ್ದಲ್ಲಿ ಕೊಲ್ಲದೆ ಸ್ಥಳಾಂತರಿಸಬಲ್ಲ ನುರಿತವರನ್ನು ಹುಡುಕಬೇಕು.

ನಮ್ಮ ಸದಸ್ಯರಲ್ಲಿ ಅನೇಕರು ಸೊಸೈಟಿಗಳ ಸಮಿತಿಯಲ್ಲಿದ್ದಾರೆ. ಇಂಥ ನಿರ್ಣಯ ಮುಂದೆ ಬಂದಾಗ “ತಾಳಿ, ಋತು ಮುಗಿದರೆ ತಾವಾಗಿಯೇ ಹೋಗುತ್ತವೆ” ಎಂಬ ಒಂದು ಮಾತನ್ನು ಅವರು ಆಡಲಿ. ಅಂದು ನಾನು ಆಡಲಿಲ್ಲ.